ಗಾಂಧಿನಗರದಲ್ಲಿ ಯಾರೂ ಗೊತ್ತಿಲ್ಲ, ಸಿನಿಮಾಕ್ಕೆ ಹೋಗೋದು ಹೇಗೆ?

ಸಿನಿಮಾದಲ್ಲಿ ಕೆಲಸ ಹುಡುಕುವ ಬಗ್ಗೆ ಶಿವಮೊಗ್ಗ ಜಿಲ್ಲೆಯ ಓದುಗರು ಕೇಳಿದ ಪ್ರಶ್ನೆಗಳಿಗೆ, ಕೋ-ಡೈರೆಕ್ಟರ್ ಆಗಿ ದುಡಿದವರೊಬ್ಬರ ಉತ್ತರ.

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಬಿ.ಕಾಂ. ಮುಗಿಸಿ ತೋಟ ನೋಡಿಕೊಂಡಿದ್ದೇನೆ. ಮೊಬೈಲ್‌ನಲ್ಲೇ ಎರಡು ಶಾರ್ಟ್ ಫಿಲ್ಮ್ ಮಾಡಿದ್ದೇನೆ. ಅಸಿಸ್ಟೆಂಟ್ ಡೈರೆಕ್ಟರ್ ಆಗಬೇಕು ಅಂತ ಆಸೆ. ಇನ್‌ಸ್ಟಾಗ್ರಾಂನಲ್ಲಿ ಹತ್ತಾರು ನಿರ್ದೇಶಕರಿಗೆ ಮೆಸೇಜ್ ಹಾಕಿದೆ, ಒಬ್ಬರೂ ಉತ್ತರ ಕೊಡಲಿಲ್ಲ. ‘ಗುರುತು ಪರಿಚಯ ಇಲ್ದೆ ಅಲ್ಲೇನೂ ನಡೆಯಲ್ಲ’ ಅಂತಾರೆ ಅಪ್ಪ. ಯಾರ ನಂಬರ್ ಹಿಡಿಯಬೇಕು?

ಉತ್ತರ: ನಿಮ್ಮ ಅಪ್ಪ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಆ ಪರಿಚಯ ಎಲ್ಲಿ ಹುಟ್ಟುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ.

ಹೊಸ ಅಸಿಸ್ಟೆಂಟ್‌ನನ್ನು ಸಾಮಾನ್ಯವಾಗಿ ನಿರ್ದೇಶಕರು ಹುಡುಕುವುದಿಲ್ಲ. ಶೂಟಿಂಗ್ ಇನ್ನೇನು ಶುರು ಅನ್ನುವಾಗ ಟೀಮ್‌ನಲ್ಲಿ ಒಬ್ಬ ಕೈಕೊಟ್ಟಿರುತ್ತಾನೆ. ಆಗ ನಿರ್ದೇಶಕರ ಕೈಕೆಳಗೆ ಟೀಮ್ ನೋಡಿಕೊಳ್ಳುವ ಕೋ-ಡೈರೆಕ್ಟರೋ ಅಸೋಸಿಯೇಟೋ ಗೊತ್ತಿರುವ ನಾಲ್ಕು ಜನಕ್ಕೆ ಫೋನ್ ಮಾಡಿ, ‘ಒಬ್ಬ ಹುಡುಗ ಬೇಕಿತ್ತು, ಯಾರಾದ್ರೂ ಇದ್ದಾರಾ?’ ಅಂತ ಕೇಳುತ್ತಾರೆ. ಆ ಫೋನಿನಲ್ಲಿ ನಿಮ್ಮ ಹೆಸರು ಬರಬೇಕು. ನಾನು ಫೋನ್ ಮಾಡುವಾಗಲೂ ಕೇಳುತ್ತಿದ್ದದ್ದು ಅದೇ ಮಾತು: ಹೇಳಿದ ಟೈಮಿಗೆ ಬರ್ತಾನಾ? ಬರೆದಿಟ್ಟುಕೊಳ್ತಾನಾ? ಸೆಟ್‌ನಲ್ಲಿ ಕಿರಿಕ್ ಮಾಡ್ತಾನಾ? ಯಾವ ಸ್ಟಾರ್ ಜೊತೆ ಸೆಲ್ಫಿ ತೆಗೆಸಿಕೊಂಡಿದ್ದಾನೆ ಅಂತ ಯಾರೂ ಕೇಳಲ್ಲ.

ಹಾಗಾದರೆ ಆ ನಾಲ್ಕು ಜನಕ್ಕೆ ನೀವು ಗೊತ್ತಾಗುವುದು ಹೇಗೆ? ನೀವಿರುವ ಜಾಗವೇ ನಿಮಗೆ ಅನುಕೂಲ. ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದು ಎಂಬತ್ತರ ದಶಕದಲ್ಲಿ. ಅದಕ್ಕೂ ಮೊದಲಿನಿಂದ ಇವತ್ತಿನವರೆಗೆ ಮಲೆನಾಡಿಗೆ ಶೂಟಿಂಗ್ ಯೂನಿಟ್‌ಗಳು ಬರುತ್ತಲೇ ಇವೆ. ಜೋಗ, ತೀರ್ಥಹಳ್ಳಿ, ಆಗುಂಬೆ, ಹೊಸನಗರ ಕಡೆ ವೆಬ್ ಸೀರೀಸ್, ಸೀರಿಯಲ್, ಹಾಡು, ಜಾಹೀರಾತು ಅಂತ ಏನಾದರೊಂದು ನಡೆಯುತ್ತಿರುತ್ತದೆ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಬಂದ ಯೂನಿಟ್‌ಗೆ ಊರಿನವರ ಸಹಾಯ ಬೇಕೇ ಬೇಕು.

ಒಂದು ಉದಾಹರಣೆ ಕೊಡ್ತೀನಿ. ಡಿಸೆಂಬರ್‌ನಲ್ಲಿ ಹಳೇ ತೊಟ್ಟಿ ಮನೆ ಬೇಕು ಅಂತ ಬೆಂಗಳೂರಿನಿಂದ ಪ್ರೊಡಕ್ಷನ್ ಮ್ಯಾನೇಜರ್ ಬರುತ್ತಾರೆ. ಮಳೆ ಮುಗಿದಿದೆ, ಬೆಳಕು ಚೆನ್ನಾಗಿದೆ, ಅವರ ಲೆಕ್ಕಕ್ಕೆ ಒಳ್ಳೇ ಕಾಲ. ಆದರೆ ಅದು ಅಡಿಕೆ ಕೊಯ್ಲಿನ ಕಾಲ ಅಂತ ಅವರಿಗೆ ಗೊತ್ತಿರಲ್ಲ. ಅಂಗಳದ ತುಂಬಾ ಅಡಿಕೆ ಹರವಿರುತ್ತೆ. ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುವವರು ಕೂತಿರುತ್ತಾರೆ, ಒಲೆ ಮೇಲೆ ಅಡಿಕೆ ಬೇಯುತ್ತಿರುತ್ತೆ. ಮನೆಯವರು ‘ಈಗಾಗಲ್ಲ ಮಾರಾಯ್ರೇ’ ಅಂತಾರೆ, ಮ್ಯಾನೇಜರ್ ದುಡ್ಡು ಜಾಸ್ತಿ ಮಾಡ್ತಾರೆ, ಮನೆಯವರಿಗೆ ಸಿಟ್ಟು ಬರುತ್ತೆ. ಅಲ್ಲಿಗೆ ಕೆಲಸ ಕೆಟ್ಟಿತು. ತೋಟ ನೋಡಿಕೊಂಡಿರುವ ನಿಮಗೆ ಯಾವ ಮನೆಯಲ್ಲಿ ಈ ವರ್ಷ ಫಸಲು ಗುತ್ತಿಗೆಗೆ ಕೊಟ್ಟಿದ್ದಾರೆ, ಯಾರ ಅಂಗಳ ಖಾಲಿ ಇದೆ ಅಂತ ಗೊತ್ತು. ಘಟ್ಟದ ಆ ಮಗ್ಗುಲಲ್ಲಿ ನಾಲ್ಕು ಗಂಟೆಗೇ ಬಿಸಿಲು ಹೋಗುತ್ತೆ ಅಂತ ಗೊತ್ತು. ಸಿಂಕ್ ಸೌಂಡ್‌ನಲ್ಲಿ (ಶೂಟಿಂಗ್ ಜಾಗದ ಧ್ವನಿಯನ್ನೇ ರೆಕಾರ್ಡ್ ಮಾಡಿಕೊಂಡು) ತೆಗೆಯುವವರಿಗೆ ಜೀರುಂಡೆ ಕೂಗುವ ಹೊತ್ತು, ಬಸ್ಸು ಹಾರನ್ ಹಾಕಿಕೊಂಡು ಹೋಗುವ ಹೊತ್ತು ಎರಡೂ ಬೇಕು. ಅದೂ ನಿಮಗೆ ಗೊತ್ತು. ಅಭಯಾರಣ್ಯದೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕ್ಯಾಮೆರಾ ಇಡುವಂತಿಲ್ಲ ಅಂತ ಮೊದಲೇ ಎಚ್ಚರಿಸುವ ಹುಡುಗನನ್ನು ಯಾವ ಮ್ಯಾನೇಜರೂ ಮರೆಯಲ್ಲ.

ಯೂನಿಟ್ ಬಂದಿದೆ ಅಂತ ತಿಳಿಯಲು ದೊಡ್ಡ ಪತ್ತೇದಾರಿ ಬೇಡ. ಲಾಡ್ಜ್‌ನವರು, ಜನರೇಟರ್ ಬಾಡಿಗೆಗೆ ಕೊಡುವವರು, ಟಿಟಿ ಓಡಿಸುವವರು, ಅಡುಗೆ ಕಂಟ್ರಾಕ್ಟರು, ಇವರಿಗೆ ಎಲ್ಲರಿಗಿಂತ ಮುಂಚೆ ಸುದ್ದಿ ಬರುತ್ತೆ. ಅವರ ಜೊತೆ ಮಾತಾಡಿ ಇಟ್ಟಿರಿ. ಲೊಕೇಶನ್ ಕೆಲಸಕ್ಕೆ ಸೇರಿಕೊಂಡರೆ ಬಿಡುವಿದ್ದಾಗ ಡೈರೆಕ್ಷನ್ ಟೀಮ್ ಏನು ಮಾಡುತ್ತೆ ನೋಡಿ. ಕ್ಲಾಪ್ ಹೊಡೆಯುವುದು, ಕಂಟಿನ್ಯೂಟಿ (ಯಾವ ಶಾಟ್‌ನಲ್ಲಿ ಏನು ಎಲ್ಲಿತ್ತು ಅನ್ನೋದು) ಬರೆಯುವುದು, ಆರ್ಟಿಸ್ಟನ್ನು ಮೇಕಪ್‌ನಿಂದ ಸೆಟ್‌ಗೆ ಕರೆತರುವುದು: ಹೊಸಬರ ಕೆಲಸ ಬಹುತೇಕ ಇದೇ. ಹಿಂದಿನ ಶಾಟ್‌ನಲ್ಲಿ ಅಜ್ಜನ ಕವಳದ ತಟ್ಟೆ ಎಡಗಡೆ ಇತ್ತು, ಈಗ ಬಲಕ್ಕೆ ಬಂದಿದೆ ಅಂತ ನಿಮಗೆ ಕಂಡರೆ ಜೋರಾಗಿ ಕೂಗಬೇಡಿ. ಅಸಿಸ್ಟೆಂಟ್ ಹತ್ತಿರ ಹೋಗಿ ಮೆಲ್ಲಗೆ ಹೇಳಿ. ಸಂಜೆ ಪ್ಯಾಕಪ್ ಆದ ಮೇಲೆ ಆ ಅಸಿಸ್ಟೆಂಟೇ ನಿಮ್ಮ ನಂಬರ್ ಕೇಳಬಹುದು. ಹಿಡಿಯಬೇಕಾದ ನಂಬರ್ ಅದು. ಇವತ್ತು ಕ್ಲಾಪ್ ಹೊಡೆಯುವವರು ನಾಳೆ ಅಸೋಸಿಯೇಟ್ ಆಗ್ತಾರೆ, ಮುಂದೆ ನಿರ್ದೇಶಕರೂ ಆಗ್ತಾರೆ. ನಿಮ್ಮ ಸಾಲಿನವರ ಜೊತೆ ಸ್ನೇಹ ಇಟ್ಟುಕೊಳ್ಳಿ. ದೊಡ್ಡವರ ಹಿಂದೆ ಸುಮ್ನೆ ಓಡಾಡುವುದರಿಂದ ಚಪ್ಪಲಿ ಸವೆಯುತ್ತೆ, ಅಷ್ಟೇ.

ಮೆಸೇಜ್ ಹಾಕಬಾರದು ಅಂತಲ್ಲ. ‘ಸರ್, ಒಂದು ಅವಕಾಶ ಕೊಡಿ, ಸಿನಿಮಾ ನನ್ನ ಪ್ರಾಣ’ ಅಂತ ಬರೆದರೆ ಯಾರಿಗೂ ಏನೂ ತಿಳಿಯಲ್ಲ. ಹೀಗೆ ಬರೆದು ನೋಡಿ: ‘ನಮಸ್ಕಾರ. ನಾನು ಸಾಗರದವನು. ಎರಡು ಶಾರ್ಟ್ ಫಿಲ್ಮ್ ಮಾಡಿದ್ದೇನೆ, ಇದು ಆರು ನಿಮಿಷದ್ದು, ಲಿಂಕ್ ಕೆಳಗಿದೆ. ಕನ್ನಡ ಟೈಪಿಂಗ್, ಎಡಿಟಿಂಗ್ ಬರುತ್ತೆ. ಜೂನ್‌ನಿಂದ ಬೆಂಗಳೂರಿನಲ್ಲಿ ಇರುತ್ತೇನೆ. ನಿಮ್ಮ ಟೀಮ್‌ಗೆ ಅಸಿಸ್ಟೆಂಟ್ ಬೇಕಿದ್ದರೆ ತಿಳಿಸಿ.’ ಇದನ್ನು ಅಸೋಸಿಯೇಟ್ ಡೈರೆಕ್ಟರ್‌ಗಳಿಗೆ ಕಳಿಸಿ. ಅವರ ಹೆಸರು ಪ್ರತಿ ಸಿನಿಮಾದ ಟೈಟಲ್ ಕಾರ್ಡ್‌ನಲ್ಲಿ ಬರುತ್ತೆ, ನಾವ್ಯಾರೂ ನಿಂತು ಓದಲ್ಲ ಅಷ್ಟೇ. ಕನ್ನಡ ಟೈಪಿಂಗ್ ಚಿಕ್ಕ ವಿಷಯ ಅನ್ನಿಸಬಹುದು. ಡೈಲಾಗ್ ವರ್ಷನ್ ತಪ್ಪಿಲ್ಲದೆ ಟೈಪ್ ಮಾಡುವವರು ಸಿಕ್ಕರೆ ಯಾವ ಟೀಮೂ ಬಿಡಲ್ಲ.

ಉತ್ತರ ಬರದಿದ್ದರೆ ಒಂದು ತಿಂಗಳು ಬಿಟ್ಟು ಒಮ್ಮೆ ನೆನಪಿಸಿ. ದಿನಾ ‘ಗುಡ್ ಮಾರ್ನಿಂಗ್ ಸರ್’ ಕಳಿಸಿದರೆ ಬ್ಲಾಕ್ ಆಗ್ತೀರಿ.

ನಮ್ಮ ಕಡೆಯವರೇ ನಿರ್ದೇಶಕ ಗಿರೀಶ್ ಕಾಸರವಳ್ಳಿ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಮಣಿಪಾಲದಲ್ಲಿ ಫಾರ್ಮಸಿ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋದರು. 1977ರ ‘ಘಟಶ್ರಾದ್ಧ’ಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ‘ಅವರಿಗೆ ನೀನಾಸಂ ಸುಬ್ಬಣ್ಣ ಸೋದರಮಾವ, ನಮಗ್ಯಾರಿದ್ದಾರೆ’ ಅಂತ ನಿಮ್ಮ ಅಪ್ಪ ಕೇಳಬಹುದು. ಸರಿ, ಅದೂ ಪರಿಚಯವೇ. ಆದರೆ ಹೆಗ್ಗೋಡಿನಲ್ಲಿ ನೀನಾಸಂ ಅನ್ನುವ ನಾಟಕ ಸಂಸ್ಥೆ ಕಟ್ಟಿದ ಸುಬ್ಬಣ್ಣ ಗಾಂಧಿನಗರದ ಮನುಷ್ಯ ಆಗಿರಲಿಲ್ಲ ಅಲ್ವಾ? ಒಳ್ಳೇ ನಾಟಕ, ಒಳ್ಳೇ ಸಿನಿಮಾ ನೋಡುವ ಜನರ ನಡುವೆ ಇದ್ದದ್ದೇ ದೊಡ್ಡ ಬಂಡವಾಳ. ಅದು ನಿಮಗೂ ಬೈಕ್‌ನಲ್ಲಿ ಹೋಗಿ ಬರುವಷ್ಟು ದೂರದಲ್ಲಿದೆ.

ದುಡ್ಡಿನ ಮಾತು ಬಾಕಿ ಇದೆ. ಮೊದಲ ಸಿನಿಮಾಕ್ಕೆ ಸಂಬಳ ತೀರಾ ಕಡಿಮೆ. ಕೆಲವು ಕಡೆ ಬ್ಯಾಟಾ (ದಿನದ ಖರ್ಚಿನ ದುಡ್ಡು), ಊಟ, ಇಷ್ಟೇ. ಎಷ್ಟು ಕೊಡ್ತೀರಿ, ಯಾವಾಗ ಕೊಡ್ತೀರಿ ಅಂತ ಸೇರುವ ಮುಂಚೆಯೇ ಕೇಳಿ, ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ಆರು ತಿಂಗಳ ರೂಮ್ ಬಾಡಿಗೆ ಕೈಯಲ್ಲಿ ಇಲ್ಲದೆ ಹೊರಡಬೇಡಿ.

ಪ್ರಶ್ನೆ: ನಾನು ಶಿವಮೊಗ್ಗದವಳು, ಡಿಗ್ರಿ ಮುಗಿಯುತ್ತಿದೆ. ನಟನೆಗೆ ಹೋಗಬೇಕು. ನೀನಾಸಂ ಸೇರಲಾ, ಬೆಂಗಳೂರಿನ ಮೂರು ತಿಂಗಳ ಆ್ಯಕ್ಟಿಂಗ್ ಕೋರ್ಸ್ ಸೇರಲಾ? ಎಲ್ಲಿ ಕಾಂಟ್ಯಾಕ್ಟ್ ಜಾಸ್ತಿ ಸಿಗುತ್ತೆ?

ಉತ್ತರ: ‘ನಮ್ಮ ಕೋರ್ಸ್ ಮುಗಿಸಿದರೆ ಸಿನಿಮಾದಲ್ಲಿ ಪಾತ್ರ ಗ್ಯಾರಂಟಿ’ ಅನ್ನುವ ಯಾವ ಕಡೆಯೂ ಸೇರಬೇಡಿ. ಉಳಿದದ್ದು ಆಮೇಲೆ.

ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾದದ್ದು. ಅದು ನಾಟಕದ ಶಾಲೆ. ಅಲ್ಲೇ ಉಳಿದು ಕಲಿಯಬೇಕು: ದೇಹ, ಧ್ವನಿ, ಲೈಟು, ಸೆಟ್ಟು, ಪ್ರಸಾಧನ ಎಲ್ಲ. ಸಿನಿಮಾಕ್ಕೆ ಬರೀ ಏಣಿ ಅಂತ ಅಲ್ಲಿಗೆ ಹೋದರೆ ನಿಮಗೂ ಬೇಜಾರು, ಅವರಿಗೂ ಬೇಜಾರು. ಆದರೆ ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿಂದಲೇ ಬಂದವರು. ಅಂಥವರ ಹಿಂದೆ ಇರುವುದು ಜೊತೆಗೆ ಕಲಿತವರ ಬಳಗ. ಒಂದೇ ಮೆಸ್‌ನಲ್ಲಿ ಉಂಡು, ಒಂದೇ ನಾಟಕಕ್ಕೆ ಬೆವರು ಸುರಿಸಿದವರು ಒಬ್ಬರನ್ನೊಬ್ಬರು ಕರೆಯುತ್ತಾರೆ. ಮೂರು ತಿಂಗಳ ಕೋರ್ಸ್‌ನಲ್ಲಿ ಅಂಥ ನಂಟು ಬೆಳೆಯುವುದು ಕಷ್ಟ. ನನ್ನ ಓಟು ಹೆಗ್ಗೋಡಿಗೆ.

ಅಷ್ಟು ದಿನ ಬಿಡುವಿಲ್ಲ ಅಂದರೆ ಶಿವಮೊಗ್ಗದಲ್ಲೇ ಹವ್ಯಾಸಿ ತಂಡಗಳಿವೆ, ರಂಗಾಯಣ ಇದೆ. ಒಂದು ತಂಡ ಸೇರಿ ಒಂದು ನಾಟಕ ಪೂರ್ತಿ ಮಾಡಿ. ಕಾಸ್ಟಿಂಗ್ ಮಾಡುವವರು ರೀಲ್ಸ್ ನೋಡ್ತಾರೆ ನಿಜ, ಆದರೆ ನಾಟಕ ನೋಡಿ ಆರಿಸಿದ ನಟರನ್ನು ಧೈರ್ಯವಾಗಿ ಸೆಟ್‌ಗೆ ಕರೀತಾರೆ.

ಪ್ರಶ್ನೆ: ಭದ್ರಾವತಿಯಿಂದ ಬರೆಯುತ್ತಿದ್ದೇನೆ. ತಂಗಿಗೆ ಒಂದು ಸಿನಿಮಾದಲ್ಲಿ ನಾಯಕಿಯ ಗೆಳತಿ ಪಾತ್ರ ಸಿಕ್ಕಿದೆಯಂತೆ. ‘ಆರ್ಟಿಸ್ಟ್ ಕಾರ್ಡ್’ ಮಾಡಿಸಲು 25,000 ರೂಪಾಯಿ ಕಟ್ಟಿ, ಶನಿವಾರ ಹೋಟೆಲ್ ರೂಮ್‌ನಲ್ಲಿ ಆಡಿಷನ್ ಅಂತ ಹೇಳಿದ್ದಾರೆ. ಕಟ್ಟಬಹುದಾ?

ಉತ್ತರ: ಕಟ್ಟಬೇಡಿ. ಹೋಗಲೂ ಬೇಡಿ.

ಪಾತ್ರ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ತಗೊಳ್ಳಬಾರದು. ಕಾರ್ಡ್, ರಿಜಿಸ್ಟ್ರೇಷನ್, ಕಾಸ್ಟ್ಯೂಮ್, ಪೋರ್ಟ್‌ಫೋಲಿಯೋ ಅಂತ ಹೆಸರು ಬದಲಾಗುತ್ತೆ, ಆಟ ಒಂದೇ. ನಿಜವಾದ ಆಡಿಷನ್ ಪ್ರೊಡಕ್ಷನ್ ಆಫೀಸಲ್ಲೋ ಸ್ಟುಡಿಯೋದಲ್ಲೋ ಹಗಲು ಹೊತ್ತು ನಡೆಯುತ್ತೆ, ಜೊತೆಗೆ ಮನೆಯವರು ಬಂದರೆ ಯಾರೂ ಬೇಡ ಅನ್ನಲ್ಲ. ನಿರ್ಮಾಪಕರು ಯಾರು, ಬ್ಯಾನರ್ (ನಿರ್ಮಾಣ ಸಂಸ್ಥೆ) ಯಾವುದು ಅಂತ ಕೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಫೋನ್ ಮಾಡಿ ಅಂಥದ್ದೊಂದು ನೋಂದಣಿ ಇದೆಯಾ ಅಂತ ವಿಚಾರಿಸಿ. ಹೀಗೆ ಕೇಳಿದ ತಕ್ಷಣ ಎಷ್ಟೋ ಜನ ಫೋನ್ ಎತ್ತುವುದನ್ನೇ ನಿಲ್ಲಿಸ್ತಾರೆ. ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಮುಂದೆ ತಂಗಿ ನಿಜವಾದ ಸೆಟ್‌ಗೆ ಹೋದಾಗಲೂ ಒಂದು ತಿಳಿದಿರಲಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಸಿನಿಮಾ ಸೆಟ್ಟೂ ಕೆಲಸದ ಜಾಗವೇ. ಹತ್ತು ಜನಕ್ಕಿಂತ ಕಡಿಮೆ ಇರುವ, ಒಳಗಿನ ದೂರು ಸಮಿತಿ ಇಲ್ಲದ ಕಡೆ ಲೈಂಗಿಕ ಕಿರುಕುಳವಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಪ್ರಶ್ನೆ: ಹೊಸನಗರದ ಶಿಕ್ಷಕ ನಾನು. ಒಂದು ಕಥೆ ಇದೆ. ಒಬ್ಬ ನಿರ್ದೇಶಕರು ‘ಬಂದು ಹೇಳಿ’ ಅಂದಿದ್ದಾರೆ. ಕದ್ದುಬಿಟ್ಟರೆ?

ಉತ್ತರ: ಹೋಗಿ ಹೇಳಿ. ಕಥೆ ಹೇಳದೆ ಯಾರೂ ಕಥೆಗಾರರಾಗಿಲ್ಲ. ಆದರೆ ಬರೆದು ಮುಗಿಸಿಕೊಂಡು ಹೋಗಿ. 1957ರ ಕೃತಿಸ್ವಾಮ್ಯ ಕಾಯ್ದೆ ಕಾಪಾಡುವುದು ಬರೆದದ್ದನ್ನು, ತಲೆಯಲ್ಲಿರುವ ಐಡಿಯಾವನ್ನಲ್ಲ. ಬರೆದ ಕ್ಷಣವೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ, ಆದರೆ ಸಾಕ್ಷಿಗೆ ಒಳ್ಳೇದು. ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಆನ್‌ಲೈನ್‌ನಲ್ಲೇ ಮಾಡಬಹುದು. ಕಥೆ ಹೇಳಿ ಬಂದ ಸಂಜೆ ‘ಇವತ್ತು ಇಂಥ ಕಥೆ ಹೇಳಿದೆ, ಸಾರಾಂಶ ಲಗತ್ತಿಸಿದ್ದೇನೆ’ ಅಂತ ಅವರಿಗೊಂದು ಇಮೇಲ್ ಹಾಕಿ. ಹೇಳುವಾಗ ಇಪ್ಪತ್ತು ನಿಮಿಷ ದಾಟಬೇಡಿ. ಮೇಷ್ಟ್ರುಗಳಿಗೆ ಇದು ಸ್ವಲ್ಪ ಕಷ್ಟ, ಗೊತ್ತು.

ಪ್ರಶ್ನೆ: ನನ್ನ ಶಾರ್ಟ್ ಫಿಲ್ಮ್ ರೆಡಿ ಇದೆ. ಗೋವಾ ಫಿಲ್ಮ್ ಬಜಾರ್‌ಗೆ ಹೋದರೆ ನಿರ್ಮಾಪಕರು ಸಿಗ್ತಾರಂತೆ. ಹೋಗಲಾ? – ತೀರ್ಥಹಳ್ಳಿಯ ಓದುಗ

ಉತ್ತರ: ಈಗ ಬೇಡ. ಅದು ನವೆಂಬರ್‌ನಲ್ಲಿ ಗೋವಾದ ಚಿತ್ರೋತ್ಸವದ ಜೊತೆಗೇ ನಡೆಯುವ ವ್ಯಾಪಾರದ ಜಾಗ. ದೊಡ್ಡ ಸಿನಿಮಾದ ಸ್ಕ್ರಿಪ್ಟ್, ಬಜೆಟ್ ಹಿಡಿದುಕೊಂಡು ಬಂದವರಿಗೆ ಅಲ್ಲಿ ಕೆಲಸ ಇರುತ್ತೆ. ಒಂದು ಶಾರ್ಟ್ ಫಿಲ್ಮ್ ಇಟ್ಟುಕೊಂಡು ಹೋದರೆ ಖರ್ಚೇ ಜಾಸ್ತಿ. ಮೊದಲು ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಡೆಲಿಗೇಟ್ ಪಾಸ್ ಮಾಡಿಸಿ. ದಿನಕ್ಕೆ ಮೂರ್ನಾಲ್ಕು ಸಿನಿಮಾ ನೋಡಬಹುದು. ಕ್ಯೂನಲ್ಲಿ ಪಕ್ಕದಲ್ಲಿ ನಿಂತವರು ಎಡಿಟರ್ ಇರಬಹುದು, ಸೌಂಡ್ ಹುಡುಗಿ ಇರಬಹುದು. ಬೆಳಗಿನ ಸಿನಿಮಾ ಹೇಗಿತ್ತು ಅಂತ ಮಾತು ಶುರು ಮಾಡಿ. ನಿಮ್ಮ ಲಿಂಕ್ ಅವರೇ ಕೇಳುವವರೆಗೆ ತೆಗೆಯಬೇಡಿ. ಹೆಸರು ಮಾಡಿದ ಸಿನಿಮಾಗಳಿಗೆ ಸೀಟು ಬೇಗ ತುಂಬುತ್ತೆ, ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಿ.