ಅಮರೋನೆ ವೈನನ್ನು ಒಣದ್ರಾಕ್ಷಿಯಿಂದ ಮಾಡುತ್ತಾರೆ ಎನ್ನುವುದು ನಿಜವೇ?

ಅರ್ಧ ನಿಜ. ಪೂರ್ತಿ ಒಣಗಿದ ದ್ರಾಕ್ಷಿಯಲ್ಲ, ಬಾಡಿಸಿದ ದ್ರಾಕ್ಷಿ.

ಈ ಕೆಂಪು ವೈನಿನ ತವರು ಉತ್ತರ ಇಟಲಿಯ ವೆರೋನಾ ನಗರದ ಪಕ್ಕದ ಗುಡ್ಡಸಾಲು ವಾಲ್ಪೊಲಿಚೆಲ್ಲಾ. ಅಲ್ಲಿ ಕೊರ್ವಿನಾ, ಕೊರ್ವಿನೋನೆ, ರೊಂದಿನೆಲ್ಲಾ ತಳಿಗಳ ಗೊಂಚಲುಗಳನ್ನು ಕೈಯಿಂದಲೇ ಆರಿಸಿ, ಗಾಳಿಯಾಡುವ ಅಟ್ಟಗಳಲ್ಲಿ ಒಂದೇ ಪದರವಾಗಿ ಹರಡುತ್ತಾರೆ. ಬಿಸಿಲಿಗಲ್ಲ, ನೆರಳಿಗೆ. ಮೂರು-ನಾಲ್ಕು ತಿಂಗಳಲ್ಲಿ ತೂಕ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ನೀರು ಹೋಗಿ ಸಕ್ಕರೆ, ಪರಿಮಳ ಗಟ್ಟಿಯಾಗುತ್ತವೆ. ತೇವ ಹೆಚ್ಚಾದರೆ ಬೂಷ್ಟು ಹಿಡಿದು ಇಡೀ ಬೆಳೆ ಹಾಳು. ಆ ತಿಂಗಳುಗಳ ಕಾವಲೇ ಈ ವೈನಿನ ಜೀವ ಎಂದು ನನಗನಿಸುತ್ತದೆ. ಬೆಲೆ ಹೆಚ್ಚಿರುವುದಕ್ಕೂ ಮುಖ್ಯ ಕಾರಣ ಇದೇ: ಅಷ್ಟು ಹಣ್ಣಿಗೆ ಸಿಗುವ ರಸ ತೀರಾ ಕಡಿಮೆ.

ಈ ಪದ್ಧತಿ ಬಹಳ ಹಳೆಯದು. 6ನೇ ಶತಮಾನದಲ್ಲೇ ರೋಮನ್ ರಾಜನೀತಿಜ್ಞ ಕ್ಯಾಸಿಯೊಡೋರಸ್ ಇಲ್ಲಿನ ಬಾಡಿಸಿದ ದ್ರಾಕ್ಷಿಯ ವೈನನ್ನು ಹೊಗಳಿದ್ದಾನೆ. ಆದರೆ ಅದು ಸಿಹಿ ವೈನು, ಇಂದಿನ ರೆಚೋತೊದ ಪೂರ್ವಜ. ರೆಚೋತೊದಲ್ಲಿ ಹುದುಗುವಿಕೆ ನಡುವೆಯೇ ನಿಲ್ಲುತ್ತದೆ, ಸಿಹಿ ಉಳಿಯುತ್ತದೆ. ಅಮರೋನೆಯಲ್ಲಿ ಯೀಸ್ಟ್ ಹೆಚ್ಚುಕಡಿಮೆ ಎಲ್ಲ ಸಕ್ಕರೆಯನ್ನೂ ತಿಂದುಬಿಡುತ್ತದೆ. ಹಾಗಾಗಿ ಆಲ್ಕೋಹಾಲ್ ಕನಿಷ್ಠ 14%, ಸಾಮಾನ್ಯವಾಗಿ 15-16%. ಇಟಾಲಿಯನ್ನಿನಲ್ಲಿ 'ಅಮಾರೊ' ಎಂದರೆ ಕಹಿ. ಹೆಸರು ಬಂದದ್ದು ಅಲ್ಲಿಂದ. 1936ರಲ್ಲಿ ವಾಲ್ಪೊಲಿಚೆಲ್ಲಾದ ನೆಗ್ರಾರ್ ಊರಿನಲ್ಲಿ ಮರೆತುಹೋಗಿದ್ದ ರೆಚೋತೊ ಪೀಪಾಯಿಯೊಂದು ಹೀಗೆ ಸಿಹಿ ಕಳೆದುಕೊಂಡಿತ್ತು ಎಂಬ ಕಥೆಯನ್ನು ಅಲ್ಲಿನವರು ಹೇಳುತ್ತಾರೆ.

ಹಿಂಡಿ ಉಳಿದ ಹಿಪ್ಪೆಯೂ ವ್ಯರ್ಥವಾಗುವುದಿಲ್ಲ. ಅದರ ಮೇಲೆ ಸಾದಾ ವಾಲ್ಪೊಲಿಚೆಲ್ಲಾ ವೈನು ಸುರಿದು ಮತ್ತೊಮ್ಮೆ ಹುದುಗಿಸಿದರೆ ರಿಪಾಸೊ. ಅಮರೋನೆ ಕೈಗೆಟುಕದಿದ್ದರೆ ಮೊದಲು ಅದನ್ನೇ ರುಚಿ ನೋಡಿ.