ರಾತ್ರಿ ಮೂರು ಗಂಟೆಯ ಸ್ಟೇಟಸ್

ಅಕ್ಕಾ, ನಾನು ಕಾಸರಗೋಡಿನ ಪೆರ್ಲದ ಕಡೆಯವಳು. ಇಸ್ರೇಲಿನ ಹೈಫಾದಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಗಂಡ, ಮಗ, ಅತ್ತೆ ಊರಲ್ಲಿದ್ದಾರೆ. 2025ರ ಜೂನ್ 13ರಂದು ಇರಾನ್ ಜೊತೆ ಯುದ್ಧ ಶುರುವಾದ ಮೇಲೆ ನಿದ್ದೆ ಅಂತ ಇಲ್ಲ. ನಮ್ಮದು ಹಳೇ ಕಟ್ಟಡ, ಮನೆಯೊಳಗೆ ಭದ್ರ ಕೋಣೆ ಇಲ್ಲ. ಸೈರನ್ ಆದರೆ ಅಜ್ಜಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಕಾಯುತ್ತೇನೆ. ಅವರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಒಂದು ಚಪ್ಪಲಿ ಎಲ್ಲಿ ಹೋಯಿತು ಅಂತ ನನಗೇ ಬೈಯುತ್ತಾರೆ. ಒಂದು ರಾತ್ರಿ ತಡೆಯಲಾಗದೆ ‘ಸಾಕಾಯ್ತು, ಈ ಅಜ್ಜಿಯೂ ಬೇಡ, ಈ ಹಣವೂ ಬೇಡ’ ಅಂತ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ. ಆಮೇಲೆ ದಿನಾ ಹಾಕತೊಡಗಿದೆ. ಎದುರು ಬೀದಿಯ ಒಡೆದ ಗಾಜಿನ ಫೋಟೊ ಕೂಡ. ಪಕ್ಕದ ಮನೆಯವರು ಅತ್ತೆಗೆ ಓದಿ ಹೇಳಿದರು, ಅವರ ಬಿ.ಪಿ. ಏರಿತು. ಭಾವ ಫೋನ್ ಮಾಡಿ, ‘ಸಂಬಳ ಬರುವಾಗ ಸುಮ್ನಿದ್ದೆ, ಈಗ ಊರಿಗೆಲ್ಲ ಹೆದರಿಸ್ತೀಯಾ’ ಅಂದರು. ಅವರ ಮಗಳ ಮದುವೆಗೆ ನಾನೂ ಹಣ ಕಳಿಸಿದ್ದೆ. ಶಾಲೆಯ ಗೆಳತಿ, ‘ಗಾಜಾದಲ್ಲಿ ಮಕ್ಕಳು ಸಾಯ್ತಾ ಇದ್ದಾರೆ, ನಿನಗೆ ನಿದ್ದೆಯ ಚಿಂತೆಯಾ’ ಅಂತ ಬರೆದಳು. ಟಿವಿಯಲ್ಲಿ ಆ ಮಕ್ಕಳನ್ನು ನೋಡಿದರೆ ನನಗೂ ಕಣ್ಣೀರು ಬರುತ್ತದೆ. ಗಂಡ ಹೇಳಿದ್ದು ‘ಡಿಲೀಟ್ ಮಾಡು’ ಅಂತ ಮಾತ್ರ. ನಾನು ಬರೆಯುವುದನ್ನೇ ನಿಲ್ಲಿಸಬೇಕಾ?
– ಹೆಸರು ಬೇಡ

ತಂಗೀ, ನಿಲ್ಲಿಸಬೇಡಿ. ಯಾರ ಕಣ್ಣಿಗೆ ಬೀಳಬೇಕು ಅನ್ನುವುದನ್ನು ಮಾತ್ರ ಬದಲಿಸಿ.

ನಾನು ಈ ಉತ್ತರ ಬರೆಯುವ ಹೊತ್ತಿಗೆ ಜೂನ್ 24ರ ಕದನವಿರಾಮ ಆಗಿದೆ. ಆದರೂ ನಿಮಗೆ ರಾತ್ರಿ ಎಚ್ಚರ ಆಗುತ್ತಿರಬಹುದು, ಬೈಕಿನ ಸದ್ದಿಗೂ ಎದೆ ಧಸಕ್ಕೆನ್ನಬಹುದು. ಅದಕ್ಕೆ ನಾಚಿಕೆ ಪಡಬೇಡಿ. ಹಾಗೆ ಕೆಲವು ವಾರ ಇರುತ್ತದೆ. ಕಡಿಮೆಯಾಗದಿದ್ದರೆ ಅಲ್ಲಿನ ವೈದ್ಯರಿಗೆ ಹೇಳಿ.

ಭಾವನ ಮಾತು ಬಿಟ್ಟುಬಿಡಿ. ಸಂಬಳ ಕೊಡುವುದು ಅಜ್ಜಿಯನ್ನು ಮೀಯಿಸಿ, ಉಣಿಸಿ, ಮಲಗಿಸುವುದಕ್ಕೆ. ತಲೆಯ ಮೇಲೆ ಕ್ಷಿಪಣಿ ಹಾರುವಾಗ ಬಾಯಿ ಮುಚ್ಚಿಕೊಂಡಿರಲು ಯಾರೂ ಸಂಬಳ ಕೊಡುವುದಿಲ್ಲ. ಮಗಳ ಮದುವೆಗೆ ನಿಮ್ಮ ಹಣ ಬಂದಾಗ ಅವರಿಗೆ ಯಾವ ಹೆದರಿಕೆಯೂ ಆದ ಹಾಗೆ ಕಾಣುವುದಿಲ್ಲ, ಅಲ್ವಾ?

ಗೆಳತಿಯ ಮಾತನ್ನು ಹಾಗೆ ತಳ್ಳಿಹಾಕಲು ನನ್ನಿಂದಾಗದು. ಅವಳು ಸುಳ್ಳು ಹೇಳಿಲ್ಲ. ನಿಮ್ಮ ಫೋನಿಗೆ ಮುನ್ನೆಚ್ಚರಿಕೆ ಬರುತ್ತದೆ, ಸೈರನ್ ಆಗುತ್ತದೆ, ಕೂರಲು ಒಂದು ಮೆಟ್ಟಿಲಾದರೂ ಇದೆ. ಗಾಜಾದಲ್ಲಿ ಸೈರನ್ ಇಲ್ಲ, ಓಡಿ ಸೇರಿಕೊಳ್ಳಲು ಶೆಲ್ಟರ್ ಇಲ್ಲ, ಹೊಟ್ಟೆಗೂ ಇಲ್ಲ. ಇದು ನಿಮಗೂ ಗೊತ್ತು. ಆದರೆ ನೀವು ನಿದ್ದೆಗೆಟ್ಟು ಸುಮ್ಮನಿದ್ದರೆ ಅಲ್ಲಿನ ಒಂದು ಮಗುವಿಗೂ ಒಂದು ತುತ್ತು ಜಾಸ್ತಿ ಸಿಗುವುದಿಲ್ಲ. ಮೂರನೆಯವರ ಮನೆಯ ಯುದ್ಧದಲ್ಲಿ, ಮುದುಕಿಯೊಬ್ಬರ ಕೈ ಹಿಡಿದು ಕೂತವರು ನೀವು. ನಿಮ್ಮ ಕಷ್ಟ ಹೇಳಲು ಬೇರೆಯವರ ಕಷ್ಟದ ಅನುಮತಿ ಬೇಕಿಲ್ಲ. ಗೆಳತಿಗೆ ಉದ್ದುದ್ದ ಉತ್ತರ ಬೇಡ, ಜಗಳವಂತೂ ಬೇಡವೇ ಬೇಡ. ‘ನೀನು ಹೇಳಿದ್ದು ಸರಿ. ನನಗೂ ಅದೇ ಸಂಕಟ. ನಿದ್ದೆಯೂ ಇಲ್ಲ’ ಅಂತ ಬರೆದು ಬಿಡಿ. ಒಳ್ಳೆಯ ಗೆಳತಿಯಾದರೆ ಫೋನ್ ಮಾಡುತ್ತಾಳೆ.

ಈಗ ಅತ್ತೆಯ ವಿಷಯ. ನಿಮ್ಮಲ್ಲಿ ರಾತ್ರಿ 3 ಗಂಟೆ ಅಂದರೆ ಇಲ್ಲಿ ಬೆಳಗ್ಗೆ ಐದೂವರೆ. ಅವರು ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುವ ಹೊತ್ತು. ಆ ಹೊತ್ತಿಗೆ ಪಕ್ಕದ ಮನೆಯವರು ಅಂಗಳಕ್ಕೆ ಬಂದು ‘ನಿಮ್ಮ ಸೊಸೆ ಹೀಗೆ ಬರೆದಿದ್ದಾಳೆ’ ಅಂದರೆ ಯಾರ ಬಿ.ಪಿ. ಏರದೆ ಇರುತ್ತದೆ ಹೇಳಿ? ಅವರ ಪ್ರಾಯದವರಿಗೆ ಕುವೈತಿನ ನೆನಪೂ ಇರುತ್ತದೆ. 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿದಾಗ ನಮ್ಮ ಕಾಸರಗೋಡಿನ ಎಷ್ಟೋ ಮನೆಯವರು ಅಲ್ಲಿದ್ದರು. ಫೋನ್ ಇಲ್ಲ, ಕಾಗದ ಇಲ್ಲ. ಜೋರ್ಡಾನಿನ ಅಮ್ಮಾನ್ ತನಕ ಮರುಭೂಮಿ ದಾಟಿ ಬಂದವರನ್ನು ವಿಮಾನದಲ್ಲಿ ತಂದರು, ಒಟ್ಟು ಸುಮಾರು 1,70,000 ಜನ. ಅಲ್ಲಿಯವರೆಗೆ ಮಗ ಇದ್ದಾನೋ ಇಲ್ಲವೋ ಗೊತ್ತಿಲ್ಲದೆ ಇಲ್ಲಿಯವರು ಒದ್ದಾಡಿದರು. ಹಾಗಿರುವಾಗ ನೀವು ಪೂರ್ತಿ ಮೌನವಾದರೆ ಅತ್ತೆಗೆ ಸಮಾಧಾನ ಆಗುತ್ತದೆ ಅಂತ ನನಗನ್ನಿಸುವುದಿಲ್ಲ. ಅವರಿಗೆ ನಿಮ್ಮ ಬಾಯಿಂದಲೇ ಸುದ್ದಿ ಸಿಗಲಿ. ದಿನಾ ಆ ಐದೂವರೆಗೆ ಒಂದು ವಾಯ್ಸ್ ಮೆಸೇಜ್: ‘ಅತ್ತೆ, ನಿನ್ನೆ ಎರಡು ಸಲ ಸೈರನ್ ಆಯಿತು, ನಾವು ಹುಷಾರಿದ್ದೇವೆ, ಗಂಜಿ ಉಂಡೆ.’ ಸಾಕು. ಸೈರನ್ ಆಗಿದ್ದರೆ ಆಗಿಲ್ಲ ಅನ್ನಬೇಡಿ. ಟಿವಿ ಅವರೂ ನೋಡುತ್ತಾರೆ.

ಒಡೆದ ಗಾಜಿನಂಥ ಫೋಟೊ ಮಾತ್ರ ಇನ್ನು ಹಾಕಬೇಡಿ, ಇದ್ದರೆ ಇವತ್ತೇ ಅಳಿಸಿ. ಇಲ್ಲಿ ಗಂಡ ಹೇಳಿದ್ದು ಸರಿ. ಕ್ಷಿಪಣಿ ಬಿದ್ದ ಜಾಗದ ಚಿತ್ರ ಹಂಚುವುದಕ್ಕೆ ಅಲ್ಲಿ ಮಿಲಿಟರಿ ಸೆನ್ಸಾರಿನ ನಿರ್ಬಂಧ ಉಂಟು. ವೀಸಾದಲ್ಲಿ ಕೆಲಸಕ್ಕೆ ಹೋದವರು ಪೊಲೀಸರ ಜೊತೆ ವಾದ ಮಾಡುವ ಪರಿಸ್ಥಿತಿ ತಂದುಕೊಳ್ಳಬಾರದು. ‘ಈ ಅಜ್ಜಿಯೂ ಬೇಡ’ ಅನ್ನುವ ಮಾತೂ ಅಷ್ಟೇ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು, ಅನುವಾದ ಮಾಡಿ ಅಜ್ಜಿಯ ಮಕ್ಕಳಿಗೆ ತೋರಿಸಲು ಎರಡು ನಿಮಿಷ ಸಾಕು. ಸ್ಟೇಟಸ್‌ನ ಸೆಟ್ಟಿಂಗ್‌ನಲ್ಲಿ ಯಾರಿಗೆ ಮಾತ್ರ ಕಾಣಬೇಕು ಅಂತ ಆರಿಸುವ ಅವಕಾಶವಿದೆ. ಮೂರು ನಾಲ್ಕು ಜನರನ್ನು ಇಟ್ಟುಕೊಳ್ಳಿ. ಅಲ್ಲಿಯೇ ಕೆಲಸ ಮಾಡುವ ಒಬ್ಬಿಬ್ಬರು ಇರಲಿ. 2023ರಲ್ಲಿ ಇಸ್ರೇಲಿನಲ್ಲಿದ್ದ ಭಾರತೀಯರು ಸುಮಾರು 18,000, ಹೆಚ್ಚಿನವರು ನಿಮ್ಮ ಹಾಗೆಯೇ ಕೇರ್‌ಗಿವರ್‌ಗಳು. ಮಲಯಾಳದಲ್ಲಿ ಬೈದುಕೊಂಡರೂ ಮನಸ್ಸು ಹಗುರಾಗುತ್ತದೆ, ನಮ್ಮ ಕಾಸರಗೋಡಿನವರಿಗೆ ಅದೇನು ಹೊಸತಲ್ಲ.

ನೂರಾರು ಜನ ನಿಮ್ಮ ಸ್ಟೇಟಸ್ ನೋಡಿದ್ದಾರೆ. ಊಟ ಮಾಡಿದೆಯಾ ಅಂತ ಒಬ್ಬರೂ ಕೇಳಿದ ಹಾಗೆ ನಿಮ್ಮ ಪತ್ರದಲ್ಲಿ ಇಲ್ಲ. ನನಗೆ ಬೇಸರವಾದದ್ದು ಅದಕ್ಕೆ. ಗಂಡನಿಂದ ನೀವು ಅದನ್ನು ಕೇಳಿ ಪಡೆಯಬೇಕು. ಅವರು ಕೆಟ್ಟವರಲ್ಲ, ಹೆದರಿದ್ದಾರೆ. ಹೆದರಿದ ಗಂಡಸರು ಹೆಚ್ಚಾಗಿ ಅಪ್ಪಣೆ ಕೊಡುತ್ತಾರೆ. ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯ ಸಮಯ ಬೇರೆ. ಮಳೆ ಬಂದು ಕೆಲಸ ನಿಂತ ಮಧ್ಯಾಹ್ನ ಫೋನ್ ಮಾಡಿ, ‘ಏನೂ ಹೇಳಬೇಡಿ, ಹತ್ತು ನಿಮಿಷ ಕೇಳಿಸಿಕೊಳ್ಳಿ’ ಅನ್ನಿ. ಮೊದಲ ದಿನ ಅವರಿಗೂ ಮುಜುಗರ ಆದೀತು. ಮನೆಯಲ್ಲಿ ಯಾರಿಗಾದರೂ ಹೆದರಿಕೆ ತಡೆಯಲಾಗದಿದ್ದರೆ 14416ಕ್ಕೆ, ಅಂದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಕರೆ ಮಾಡಲಿ. ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಇನ್ನು ಆ ಚಪ್ಪಲಿ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಆ ಸಾಲನ್ನೇ. ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸ್ಟೇಟಸ್ 24 ಗಂಟೆಯಲ್ಲಿ ಅಳಿಸಿಹೋಗುತ್ತದೆ, ಮುಂದೆ ನಿಮ್ಮ ಮಗ ಓದಬೇಕಾದದ್ದು ಆ ನೋಟ್‌ಬುಕ್ಕನ್ನು. ಸದ್ಯಕ್ಕೆ ಎರಡೂ ಚಪ್ಪಲಿಯನ್ನು ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ನೇತುಹಾಕಿ. ಅರ್ಧ ಬೈಗಳು ಕಡಿಮೆಯಾಗುತ್ತದೆ.

ವಾಪಸ್ ಬರಬೇಕಾ ಅಂತ ನೀವು ಕೇಳಿಲ್ಲ, ಆದರೆ ‘ಈ ಹಣವೂ ಬೇಡ’ ಅನ್ನುವುದರೊಳಗೆ ಆ ಪ್ರಶ್ನೆ ಇದೆ. ಈ ಯುದ್ಧದ ಹೊತ್ತಿಗೆ ಭಾರತ ಸರಕಾರ ನಮ್ಮವರನ್ನು ಕರೆತಂದ ಆಪರೇಷನ್ ಸಿಂಧುವಿನಲ್ಲಿ ಕೆಲವರು ಜೋರ್ಡಾನ್, ಈಜಿಪ್ಟ್ ಮೂಲಕ ಬಂದರು. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿಲ್ಲದಿದ್ದರೆ ಈ ವಾರವೇ ಮಾಡಿ, ಹೊರದೇಶದಲ್ಲಿರುವ ಕೇರಳದವರಿಗಾಗಿ ಕೇರಳ ಸರಕಾರ ಇಟ್ಟಿರುವ ನೋರ್ಕಾದಲ್ಲೂ ಮಾಡಿ. ಮತ್ತೆ ಯುದ್ಧವಾದರೆ ಪರದಾಡುವುದು ತಪ್ಪುತ್ತದೆ. ಬರುವ ತೀರ್ಮಾನವನ್ನು ಮಾತ್ರ ರಾತ್ರಿ ಮೂರು ಗಂಟೆಗೆ ಮಾಡಬೇಡಿ. ಹೋಗುವಾಗ ಮಾಡಿದ ಸಾಲ ಎಷ್ಟು ಬಾಕಿ, ಬಡ್ಡಿ ಎಷ್ಟು, ವೀಸಾ ಯಾವಾಗ ಮುಗಿಯುತ್ತದೆ, ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ನನಗೂ ಕಳಿಸಿ. ಲೆಕ್ಕ ಕೈಯಲ್ಲಿಟ್ಟುಕೊಂಡೇ ಮಾತಾಡೋಣ.