ಗಾಳಿಯಿಲ್ಲದ ಜಾಗದಲ್ಲಿ ಪಿಟೀಲು ಏಕೆ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ವೈಜ್ಞಾನಿಕ ಕಥೆಯ ಸಿನಿಮಾಗಳ ಬಗ್ಗೆ ಬರೆಯುತ್ತಾ ಅರ್ಧ ಜಾಗವನ್ನು ಹಿನ್ನೆಲೆ ಸಂಗೀತಕ್ಕೇ ಕೊಟ್ಟಿದ್ದೀರಿ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಸದ್ದು ಸಾಗುವುದಿಲ್ಲ ಅಂತ ಹೈಸ್ಕೂಲು ಮಕ್ಕಳಿಗೆ ಕಲಿಸಿದವ ನಾನು. ಅಲ್ಲಿ ಅಷ್ಟೊಂದು ಪಿಟೀಲು ಹೇಗೆ? ಮೊಮ್ಮಗಳು ಹೆಡ್‌ಫೋನ್ ಹಾಕಿಕೊಂಡು ನೋಡುತ್ತಿದ್ದ ಚಿತ್ರವನ್ನು ಪಕ್ಕದಲ್ಲಿ ಕೂತು ಸದ್ದಿಲ್ಲದೆ ನೋಡಿದೆ. ಅವಳ ಕಣ್ಣಲ್ಲಿ ನೀರು. ನನಗೆ ಏನೂ ಆಗಲಿಲ್ಲ. ಇದು ಕತೆಯ ಗುಣವೋ, ಸಂಗೀತದ ಮೋಸವೋ? ಅಂದ ಹಾಗೆ ಅವಳು ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾಳೆ. ಇಂಥ ಸಿನಿಮಾದ ಒಂದು ತುಣುಕು ನುಡಿಸಬೇಕಂತೆ. ಯಾವುದು ಸುಲಭ?"
— ನಿವೃತ್ತ ವಿಜ್ಞಾನ ಅಧ್ಯಾಪಕರು, ಪೆರ್ಲ

ಪ್ರೀತಿಯ ಮಾಷ್ಟ್ರೇ,

ನಿಮ್ಮ ಪತ್ರ ತುಂಬ ಖುಷಿ ಕೊಟ್ಟಿತು. ಒಂದೇ ಚಿತ್ರವನ್ನು ಅಜ್ಜ ಸದ್ದಿಲ್ಲದೆ, ಮೊಮ್ಮಗಳು ಸದ್ದಿನ ಜೊತೆ ನೋಡಿದ್ದು ಒಳ್ಳೆಯ ಪ್ರಯೋಗವೇ ಆಯಿತು. ಆದರೆ ಅದರಿಂದ ಸಂಗೀತ ಮೋಸ ಮಾಡುತ್ತದೆ ಎಂಬ ತೀರ್ಮಾನಕ್ಕೆ ಬಂದರೆ ನಾನು ಒಪ್ಪುವುದಿಲ್ಲ.

ತೆಂಕುತಿಟ್ಟಿನ ಯಕ್ಷಗಾನ ಆಟ ನೋಡುತ್ತಾ ಬೆಳೆದವರು ನಾವು. ಬಣ್ಣದ ವೇಷ ತೆರೆಯ ಹಿಂದೆ ಆರ್ಭಟ ಕೊಡುವಾಗ ಚೆಂಡೆಯನ್ನು ನಿಲ್ಲಿಸಿದರೆ ಏನಾಗುತ್ತದೆ? ಮುಖಕ್ಕೆ ಚುಟ್ಟಿ ಇಟ್ಟ ಒಬ್ಬ ಕಲಾವಿದ ಕಾಣುತ್ತಾನೆ. ರಾಕ್ಷಸ ಕಾಣುವುದಿಲ್ಲ. ಹಾಗಂತ ಚೆಂಡೆಯವರು ನಮಗೆ ಮೋಸ ಮಾಡಿದರು ಅನ್ನುತ್ತೇವಾ? 1977ರ 'ಸ್ಟಾರ್ ವಾರ್ಸ್'ನ ಶುರುವಿನಲ್ಲಿ ನಮ್ಮ ತಲೆಯ ಮೇಲೆ ಹಾದುಹೋಗುವ ದೈತ್ಯ ನೌಕೆ ನಿಜದಲ್ಲಿ ಸುಮಾರು ಮೂರು ಅಡಿ ಉದ್ದದ ಮಾದರಿ. ಅದಕ್ಕೆ ಮೈಲುಗಟ್ಟಲೆ ಗಾತ್ರ ಬಂದದ್ದು ಕ್ಯಾಮೆರಾದಿಂದ, ಅಷ್ಟೇ ಮಟ್ಟಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾದಿಂದ.

ಇನ್ನು ನಿಮ್ಮ ಭೌತಶಾಸ್ತ್ರದ ಮಾತು. ಅದು ಪೂರ್ತಿ ಸರಿ. 2013ರ 'ಗ್ರಾವಿಟಿ' ಚಿತ್ರದವರು ಅದನ್ನು ನಿಮ್ಮಷ್ಟೇ ಗಂಭೀರವಾಗಿ ತೆಗೆದುಕೊಂಡರು. ಭೂಮಿಯ ಸುತ್ತ ಹಾರುವ ಅವಶೇಷಗಳು ಬಂದು ನೌಕೆಯನ್ನು ಚಿಂದಿ ಮಾಡುವಾಗ ಸ್ಫೋಟದ ಸದ್ದೇ ಇಲ್ಲ. ಗಗನಯಾತ್ರಿ ಕೈಯಿಂದ ಮುಟ್ಟಿದ ವಸ್ತುವಿನ ಕಂಪನ ಮಾತ್ರ ಅವಳ ಉಡುಪಿನ ಮೂಲಕ ಮಂದವಾಗಿ ಕೇಳುತ್ತದೆ. ಉಳಿದದ್ದೆಲ್ಲ ಸ್ಟೀವನ್ ಪ್ರೈಸ್ ಅವರ ಸಂಗೀತ. ಅಂದರೆ ವಿಜ್ಞಾನದ ನಿಯಮ ಪಾಲಿಸಿದಷ್ಟೂ ಸಂಗೀತದ ಕೆಲಸ ಜಾಸ್ತಿಯಾಗುತ್ತದೆ. ಆ ಸಂಗೀತ ಆಕಾಶದಲ್ಲಿ ಬರುತ್ತಿಲ್ಲ ಮಾಷ್ಟ್ರೇ, ನೋಡುವವರ ಎದೆಯಲ್ಲಿ ಬರುತ್ತಿದೆ. ಪ್ರೈಸ್ ಅವರಿಗೆ ಅದಕ್ಕೆ ಆಸ್ಕರ್ ಸಿಕ್ಕಿತು.

ಬೇರೆ ಸಿನಿಮಾಗಳಲ್ಲೂ ಸಂಗೀತ ಇರುತ್ತದೆ, ನಿಜ. ಆದರೆ ಮಗನನ್ನು ಕಳೆದುಕೊಂಡ ತಾಯಿಯನ್ನು ತೋರಿಸಿದರೆ ನಮಗೆ ಏನನಿಸಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಮಣ್ಣಿನಲ್ಲಿ ನೆಟ್ಟಗೆ ನಿಂತ ಒಂದು ಕರಿ ಚಪ್ಪಡಿಯನ್ನು ತೋರಿಸಿದರೆ? ಹೆದರಬೇಕೇ, ಕೈ ಮುಗಿಯಬೇಕೇ, ಸುಮ್ನೆ ದಾಟಿ ಹೋಗಬೇಕೇ? ಯಾರೂ ಕಾಣದ ವಸ್ತುವಿಗೆ ಯಾವ ಭಾವವೂ ಮೊದಲೇ ಅಂಟಿಕೊಂಡಿರುವುದಿಲ್ಲ. ಆ ಭಾವವನ್ನು ಕೊಡುವುದು ಸಂಗೀತ. ಯಾವ ಸಂಗೀತ ಹಾಕುತ್ತೀರಿ ಅನ್ನುವುದರ ಮೇಲೆ ಕತೆಯ ಅರ್ಥವೇ ಬದಲಾಗುತ್ತದೆ.

ಆ ಚಪ್ಪಡಿ ಬರುವುದು 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ. ಮೊಮ್ಮಗಳ ಹೆಡ್‌ಫೋನ್ ಇಸಕೊಂಡು ಇದರ ಆರಂಭವನ್ನು ದಯವಿಟ್ಟು ಕೇಳಿ. ಚಂದ್ರ, ಭೂಮಿ, ಸೂರ್ಯ ಒಂದೇ ಸಾಲಿನಲ್ಲಿ ಬರುವ ನೋಟ. ರಿಚರ್ಡ್ ಸ್ಟ್ರೌಸ್ 1896ರಲ್ಲಿ ಬರೆದ ಸಂಗೀತ. ಮೊದಲು ಆರ್ಗನ್ನು, ದೊಡ್ಡ ತಂತಿವಾದ್ಯಗಳು ಸೇರಿ ಒಂದೇ ಕೆಳಸ್ವರವನ್ನು ಹಿಡಿದುಕೊಂಡು ನಿಲ್ಲುತ್ತವೆ. ಅದರ ಮೇಲೆ ತುತ್ತೂರಿಗಳು ಏರುತ್ತವೆ: ಸ, ಪ, ಮೇಲಿನ ಸ. ಅಷ್ಟೇ! ನಮ್ಮ ಶ್ರುತಿಪೆಟ್ಟಿಗೆಯ ಸ್ವರಗಳು. ಆಮೇಲೆ ಇಡೀ ವಾದ್ಯವೃಂದ ಒಟ್ಟಿಗೆ ಎದ್ದಾಗ ಅಂತರ ಗಾಂಧಾರ (ಎತ್ತರದ ಗ) ಒಂದು ಕ್ಷಣ ಬೆಳಗುತ್ತದೆ, ತಕ್ಷಣ ಸಾಧಾರಣ ಗಾಂಧಾರಕ್ಕೆ (ತಗ್ಗಿನ ಗ) ಇಳಿದು ಕಪ್ಪಾಗುತ್ತದೆ. ಎರಡನೇ ಸಲ ತಿರುಗುಮುರುಗು, ಕತ್ತಲೆಯಿಂದ ಬೆಳಕಿಗೆ. ಒಂದು ಗಾಂಧಾರ ಅರ್ಧ ಮೆಟ್ಟಿಲು ಸರಿದದ್ದಕ್ಕೆ ಇಷ್ಟೆಲ್ಲ ಆಗುತ್ತದೆ. ರಾಗ ಕೇಳಿ ಬೆಳೆದ ಕಿವಿಗೆ ಇದು ಪರದೇಶದ ಸಂಗೀತ ಅನ್ನಿಸುವುದೇ ಇಲ್ಲ.

ಮುಂದೆ ನೌಕೆಯೊಂದು ತಿರುಗುವ ನಿಲ್ದಾಣಕ್ಕೆ ಬಂದು ಸೇರುವಾಗ ಇನ್ನೊಬ್ಬ ಸ್ಟ್ರೌಸ್ (ಹೆಸರು ಒಂದೇ, ನೆಂಟರಲ್ಲ), ಅಂದರೆ ಯೋಹಾನ್ ಸ್ಟ್ರೌಸ್ 1860ರ ದಶಕದಲ್ಲಿ ಕುಣಿತದ ಲಯದಲ್ಲಿ ಬರೆದ 'ಬ್ಲೂ ಡ್ಯಾನ್ಯೂಬ್' ಬರುತ್ತದೆ. ಯಂತ್ರಗಳು ಕೈಕೈ ಹಿಡಿದು ಕುಣಿದಂತಾಗುತ್ತದೆ. ಆದರೆ ಆ ಚಪ್ಪಡಿಯ ಹತ್ತಿರ ಸಂಯೋಜಕ ಲಿಗೆಟಿಯವರ ಗಾಯನವೃಂದ. ಹತ್ತಾರು ದನಿಗಳು ಒಂದಕ್ಕೊಂದು ಅಂಟಿಕೊಂಡು ಹೋಗುತ್ತವೆ, ಗುನುಗಲು ಒಂದು ಧಾಟಿಯೂ ಸಿಗುವುದಿಲ್ಲ. ಮನುಷ್ಯ ಮಾಡಿದ ವಸ್ತುವಿಗೆ ಗುರುತಿನ ಸಂಗೀತ, ಮನುಷ್ಯ ಮಾಡದ್ದಕ್ಕೆ ಗುರುತೇ ಸಿಗದ ಸಂಗೀತ. ಮಾತು ಬಹಳ ಕಡಿಮೆ ಇರುವ ಆ ಚಿತ್ರದ ಅರ್ಧ ಕತೆ ಇಲ್ಲೇ ಇದೆ.

ಈ ಚಿತ್ರಕ್ಕೆ ಮೊದಲು ಸಂಗೀತ ಬರೆದವರು ಅಲೆಕ್ಸ್ ನಾರ್ತ್. ಅವರ ಕೆಲಸವನ್ನು ಪೂರ್ತಿ ಕೈಬಿಡಲಾಯಿತು. ಅದು ಅವರಿಗೆ ಗೊತ್ತಾದದ್ದು ಚಿತ್ರದ ಪ್ರದರ್ಶನಕ್ಕೆ ಹೋಗಿ ಕೂತಾಗ! ಇದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ. ಅವರ ಸಂಗೀತವನ್ನು ಇನ್ನೊಬ್ಬ ಸಿನಿಮಾ ಸಂಗೀತಕಾರ ಜೆರ್ರಿ ಗೋಲ್ಡ್‌ಸ್ಮಿತ್ 1993ರಲ್ಲಿ ಧ್ವನಿಮುದ್ರಿಸಿದರು. ನಿಮಗೆ ಪ್ರಯೋಗ ಇಷ್ಟ ಅಲ್ವಾ? ಚಿತ್ರದ ಸದ್ದು ತೆಗೆದು ಅದನ್ನು ಜೊತೆಗೆ ಹಾಕಿ ನೋಡಿ. ಬೇರೆಯೇ ಸಿನಿಮಾ ಸಿಗುತ್ತದೆ.

ಹಿಂದೆ ವಿಚಿತ್ರಕ್ಕೆ ವಿಚಿತ್ರವೇ ಜೋಡಿ ಎಂಬ ನಂಬಿಕೆಯಿತ್ತು. 1951ರ 'ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್'ಗೆ ಬರ್ನಾರ್ಡ್ ಹರ್ಮನ್ ಎರಡು ಥೆರೆಮಿನ್ ಬಳಸಿದರು. ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಿದ್ಯುತ್ ವಾದ್ಯ ಅದು. 1956ರ 'ಫರ್ಬಿಡನ್ ಪ್ಲಾನೆಟ್'ನಲ್ಲಂತೂ ವಾದ್ಯವೃಂದವೇ ಇಲ್ಲ, ಪೂರ್ತಿ ಎಲೆಕ್ಟ್ರಾನಿಕ್ ಸದ್ದು. 'ಸ್ಟಾರ್ ವಾರ್ಸ್'ಗೆ ಜಾನ್ ವಿಲಿಯಮ್ಸ್ ಹಿಡಿದದ್ದು ಉಲ್ಟಾ ದಾರಿ. ಕಣ್ಣಿಗೆ ಕಾಣುವುದೆಲ್ಲ ಹೊಸತು, ಆದ್ದರಿಂದ ಕಿವಿಗೆ ಪರಿಚಯದ ಭಾವ ಬೇಕು ಎಂದು ಹಳೆಯ ಸಿಂಫನಿಯ ಶೈಲಿಗೆ ಹೋದರು. 1982ರ 'ಇ.ಟಿ.'ಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಕೊನೆಯ ಭಾಗದ ಸಂಗೀತ ಚಿತ್ರದ ಅಳತೆಗೆ ಸರಿಹೊಂದದಾಗ ನಿರ್ದೇಶಕ ಸ್ಪೀಲ್‌ಬರ್ಗ್ ಪರದೆಯ ಚಿತ್ರವನ್ನು ನಿಲ್ಲಿಸಿ, ಸಂಗೀತ ಕಛೇರಿಯಲ್ಲಿ ನುಡಿಸಿದ ಹಾಗೆ ನುಡಿಸಿ ಎಂದರು. ಆಮೇಲೆ ಆ ಸಂಗೀತಕ್ಕೆ ತಕ್ಕ ಹಾಗೆ ಚಿತ್ರವನ್ನು ಕತ್ತರಿಸಿದರು.

ನಿಮ್ಮ ಸಿಟ್ಟಿನಲ್ಲಿ ನಾನು ಪೂರ್ತಿ ಒಪ್ಪುವ ಒಂದು ಭಾಗವೂ ಇದೆ. ಇತ್ತೀಚಿನ ಎಷ್ಟೋ ಚಿತ್ರಗಳಲ್ಲಿ ಸಂಗೀತ ಬಾಯಿ ಮುಚ್ಚುವುದೇ ಇಲ್ಲ. ಮಂಗಳೂರಿನ ಥಿಯೇಟರಿನಿಂದ ಹೊರಬಂದು ಕಾಸರಗೋಡಿನ ಬಸ್ಸು ಹತ್ತಿದ ಮೇಲೂ ಕಿವಿ ಗುಂಯ್ ಅನ್ನುತ್ತಿರುತ್ತದೆ, ಒಂದು ಧಾಟಿಯೂ ನೆನಪಿರುವುದಿಲ್ಲ. '2001'ರಲ್ಲಿ ಗಗನಯಾತ್ರಿ ನೌಕೆಯಿಂದ ಹೊರಗೆ ಹೋದಾಗ ಕೇಳುವುದು ಅವನ ಉಸಿರು ಮಾತ್ರ. ಒಬ್ಬ ಸಾಯುವಾಗ ಅದೂ ಇಲ್ಲ. ಎಲ್ಲಿ ನಿಲ್ಲಿಸಬೇಕೆಂದು ತಿಳಿದವರಿಗೆ ಮಾತ್ರ ದೊಡ್ಡ ವಾದ್ಯವೃಂದ ಕೊಡಬೇಕು. ನಮ್ಮಲ್ಲೂ ಅಂಥವರಿದ್ದಾರೆ. ಕೃಷ್ಣದೇವರಾಯನ ಕಾಲಕ್ಕೆ ಕಾಲಯಂತ್ರ ಹೋಗುವ 1991ರ ತೆಲುಗು ಚಿತ್ರ 'ಆದಿತ್ಯ 369'ಕ್ಕೆ ಸಂಗೀತ ಕೊಟ್ಟ ಇಳಯರಾಜ, 2025ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ತಮ್ಮದೇ ಸಿಂಫನಿಯನ್ನು ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದಿಂದ ನುಡಿಸಿದರು. ಅಷ್ಟು ದೊಡ್ಡ ವೃಂದ ಇಟ್ಟುಕೊಂಡು ಅವರು ಒಂದು ಬಾಹ್ಯಾಕಾಶದ ಚಿತ್ರಕ್ಕೆ ಬರೆಯಬೇಕು ಎಂಬುದು ನನ್ನ ದೊಡ್ಡ ಆಸೆ.

ಈಗ ಮೊಮ್ಮಗಳ ಪಾಠ. 1977ರ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್' ಚಿತ್ರದ ಐದು ಸ್ವರ ಕಲಿಯಲಿ. ಇದೂ ವಿಲಿಯಮ್ಸ್ ಅವರದೇ. ಈ ಚಿತ್ರದಲ್ಲಿ ಸಂಗೀತ ಹಿನ್ನೆಲೆಯಲ್ಲ, ಕತೆಯೇ. ಭೂಮಿಯವರು ಕೀಬೋರ್ಡಿನಲ್ಲಿ ಐದು ಸ್ವರ ನುಡಿಸುತ್ತಾರೆ, ಬೇರೆ ಲೋಕದ ನೌಕೆ ಟ್ಯೂಬಾದ ದಪ್ಪ ದನಿಯಲ್ಲಿ ಉತ್ತರ ಕೊಡುತ್ತದೆ. ಸ್ವರಗಳು ಹೀಗೆ: ರಿ, ಗ, ಸ, ಮಂದ್ರದ (ಕೆಳಗಿನ ಸ್ಥಾಯಿಯ) ಸ, ಮಂದ್ರದ ಪ. ರಿಷಭ ಚತುಃಶ್ರುತಿ, ಗಾಂಧಾರ ಅಂತರ. ಕೊನೆಯ ಮೂರಕ್ಕೂ ಬೆರಳೇ ಬೇಡ, ಮೂರೂ ಬಿಡಿ ತಂತಿಗಳು. ಮೋಹನ ರಾಗದ ಪಾಠ ಆಗಿದ್ದರೆ ಮೊದಲ ಎರಡು ಸ್ವರಗಳ ಜಾಗವೂ ಅವಳ ಬೆರಳಿಗೆ ಗೊತ್ತಿರುತ್ತದೆ. ಗಮಕ ಮಾತ್ರ ಬೇಡ, ಸ್ವರ ನೇರವಾಗಿ ನಿಲ್ಲಲಿ.

— ಸಂಪಾದಕ